ಅದು ಯಾವುದರ ಥರ?

ಹೊಸದೊಂದನ್ನು ನಾಲ್ಕು ಜನರ ಮುಂದಿಟ್ಟು ನೋಡಿ. ಮೊದಲು ಬರುವ ಪ್ರಶ್ನೆ ಒಂದೇ: ‘ಅದು ಯಾವುದರ ಥರ?’ ಹಣ್ಣಾದರೆ ರುಚಿ ಯಾವುದರ ಥರ, ಹಾಡುಗಾರನಾದರೆ ದನಿ ಯಾರ ಥರ, ಸಿನಿಮಾ ಆದರೆ ಕಥೆ ಯಾವುದರ ಥರ. ಮನುಷ್ಯರ ವಿಷಯಕ್ಕೆ ಬಂದರೆ ಇದೇ ಪ್ರಶ್ನೆ ‘ನೀವು ಯಾರ ಪೈಕಿ?’ ಎಂದಾಗುತ್ತದೆ. ಪ್ರಶ್ನೆಯಲ್ಲಿ ದೋಷವೇನೂ ಇಲ್ಲ. ಕಾಣದ್ದನ್ನು ಕಂಡದ್ದರ ಮೂಲಕವೇ ಅರಿಯಬೇಕು. ಉಪಮಾಲಂಕಾರ ಹುಟ್ಟಿದ್ದೇ ಹಾಗೆ. ಆದರೆ ‘ಯಾವುದರ ಥರವೂ ಅಲ್ಲ, ಇದು ಇದರ ಥರ’ ಎಂದು ಉತ್ತರ ಕೊಡುವವನೊಬ್ಬ ಇರುತ್ತಾನಲ್ಲ, ಅವನಿಗೆ ನಾವು ಏನಾದರೂ ಋಣಿಗಳೇ? ಅವನ ಸರಕು ಕೊಳ್ಳದೆ, ಪರಿಚಯದ ಅಂಗಡಿಗೇ ಹೋದರೆ ಅದು ಅನ್ಯಾಯವೇ, ಅಥವಾ ಬರಿಯ ವ್ಯವಹಾರವೇ?

ಈ ಪ್ರಶ್ನೆ ಇವತ್ತು ಬಲವಾಗಿ ಎದ್ದಿರುವುದು, ನನ್ನ ವಯಸ್ಸಿನವರು ಅಷ್ಟಾಗಿ ಮೂಗು ತೂರಿಸದ ವಿಡಿಯೋ ಗೇಮ್‌ಗಳ ಲೋಕದಲ್ಲಿ. ಅದು ಮನೆತನಗಳ ಲೋಕ. ಮಾರಿಯೋನ ದೊಡ್ಡ ಆಟ ಬಂದದ್ದು 1985ರಲ್ಲಿ, ‘ಫೈನಲ್ ಫ್ಯಾಂಟಸಿ’ 1987ರಲ್ಲಿ, ‘ಗ್ರ್ಯಾಂಡ್ ಥೆಫ್ಟ್ ಆಟೋ’ 1997ರಲ್ಲಿ. ಮೂರರ ವಂಶವೂ ಇನ್ನೂ ಬೆಳೆಯುತ್ತಲೇ ಇದೆ. ಮರಿಮೊಮ್ಮಕ್ಕಳ ಹೆಸರಿನ ಮುಂದೆ ಅಂಕಿ ಸೇರಿಸಿದರೆ ಸಾಕು, ಅಂಗಡಿ ತೆರೆಯುವ ಮೊದಲೇ ಸಾಲು ನಿಲ್ಲುತ್ತದೆ. ಇವುಗಳ ನಡುವೆ ಮನೆತನವಿಲ್ಲದ, ತಾನೇ ಮೊದಲ ತಲೆಮಾರಾದ ಆಟವೊಂದು ಬಂದರೆ ವಿಮರ್ಶಕರು ಬೆನ್ನು ತಟ್ಟುತ್ತಾರೆ, ಜನ ಪಕ್ಕದಲ್ಲೇ ಹಾದುಹೋಗುತ್ತಾರೆ. 2005ರ ‘ಸೈಕೋನಾಟ್ಸ್’ ಹಾಗಾಯಿತು. 2006ರ ‘ಓಕಾಮಿ’ ಹಾಗಾಯಿತು; ಜಪಾನಿನ ಶಾಯಿಚಿತ್ರಗಳಂತೆ ಕಾಣುವ, ಕುಂಚದಿಂದಲೇ ಆಡುವ ಆಟ. ಎಲ್ಲೆಡೆ ಹೊಗಳಿಕೆ, ಕೊಂಡವರು ಕಡಿಮೆ. ಅದನ್ನು ಮಾಡಿದ ಕ್ಲೋವರ್ ಸ್ಟುಡಿಯೋವನ್ನು ಅದರ ಮಾಲೀಕ ಸಂಸ್ಥೆ ಮರುವರ್ಷವೇ ಮುಚ್ಚಿತು. 2023ರ ಜನವರಿಯಲ್ಲಿ ‘ಹೈ-ಫೈ ರಷ್’ ಎಂಬ ತಾಳಬದ್ಧ ಆಟ ಬಂದು ಎಲ್ಲರಿಂದಲೂ ಭೇಷ್ ಎನ್ನಿಸಿಕೊಂಡಿತು. 2024ರ ಮೇ ತಿಂಗಳಲ್ಲಿ ಅದನ್ನು ಮಾಡಿದ ಟೋಕಿಯೋದ ಸ್ಟುಡಿಯೋಗೆ ಬೀಗ ಹಾಕುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಆಗಸ್ಟಿನಲ್ಲಿ ಕೊರಿಯಾದ ಇನ್ನೊಂದು ಸಂಸ್ಥೆ ಕೈಹಿಡಿದದ್ದರಿಂದ ಜೀವ ಉಳಿಯಿತು, ಅಷ್ಟೆ. ಹೊಗಳಿಕೆ ಅನ್ನವಾಗುವುದಿಲ್ಲವೆಂದು ನಮ್ಮ ಕವಿಗಳಿಗೆ ಗೊತ್ತಿದ್ದ ಸಂಗತಿಯೇ.

ಇದಕ್ಕೆ ವಿರುದ್ಧವಾದ ಒಂದು ಕಾಲವನ್ನು ನಮ್ಮ ಪಶ್ಚಿಮ ಬೆಂಗಳೂರಿನ ಬೀದಿಗಳು ನೋಡಿವೆ. ತೊಂಬತ್ತರ ದಶಕದಲ್ಲಿ ಬಸವೇಶ್ವರನಗರದ, ವಿಜಯನಗರದ ಮನೆಗಳಿಗೆ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಗಳು ಬಂದವು. ಬಹುಪಾಲು ಜಪಾನಿನ ಯಂತ್ರದ ನಕಲುಗಳು. ಹುಡುಗರು ‘ಕ್ಯಾಸೆಟ್’ ಎನ್ನುತ್ತಿದ್ದ ಹಳದಿ ಡಬ್ಬಿಯ ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದುದು ಹತ್ತೋ ಹದಿನೈದೋ, ಉಳಿದದ್ದೆಲ್ಲ ಅವುಗಳದೇ ಪುನರಾವರ್ತನೆ. ಮಾಡಿದವರು ಯಾರು, ಯಾವ ವರ್ಷದ್ದು, ಯಾವುದರ ಎರಡನೆಯ ಭಾಗ, ಒಂದೂ ತಿಳಿಯುತ್ತಿರಲಿಲ್ಲ. ಪತ್ರಿಕೆಯಲ್ಲಿ ಅಂಕ ಕೊಡುವವರಿರಲಿಲ್ಲ. ಆಗ ತೀರ್ಪುಗಾರ ಹೆಬ್ಬೆರಳೊಂದೇ. ಹಿಡಿಸಿದರೆ ಸಂಜೆಯವರೆಗೆ, ಇಲ್ಲವಾದರೆ ಎರಡು ನಿಮಿಷ. ಕಣ್ಣು ಕಟ್ಟಿ ರುಚಿ ನೋಡಿಸಿದಂತೆ, ಕಳ್ಳಮಾಲಿನ ದೆಸೆಯಿಂದ ಅಚಾನಕ್ಕಾಗಿ ಒಂದು ನಿಷ್ಪಕ್ಷಪಾತ ಪರೀಕ್ಷೆ ನಡೆದುಹೋಯಿತು. ಆ ಪರೀಕ್ಷೆಯಲ್ಲೂ ಗೆದ್ದದ್ದು ಮಾರಿಯೋ ಮತ್ತು ಕಾಂಟ್ರಾ. ದೊಡ್ಡ ಮನೆತನಗಳನ್ನು ಬರಿಯ ಜಾಹೀರಾತಿನ ಸೃಷ್ಟಿ ಎಂದು ತಳ್ಳಿಹಾಕುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂಲಪುರುಷನಲ್ಲಿ ಏನೋ ಇದ್ದೇ ಇರುತ್ತದೆ.

ಪ್ರಶ್ನೆ ಹಳೆಯದು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯನ್ನು ನೆನೆಯಿರಿ. ಭಾಸ, ಸೌಮಿಲ್ಲ, ಕವಿಪುತ್ರರಂಥ ಹೆಸರಾಂತವರನ್ನು ಬಿಟ್ಟು ಈಗಿನ ಕಾಲದ ಈ ಕಾಳಿದಾಸನ ನಾಟಕ ಆಡುತ್ತೀಯಲ್ಲ ಎಂದು ಸೂತ್ರಧಾರನನ್ನು ಅವನ ಸಹಾಯಕನೇ ಕೇಳುತ್ತಾನೆ. ಸೂತ್ರಧಾರ ಕೊಡುವ ಉತ್ತರ ಸಂಸ್ಕೃತ ಬಲ್ಲವರಿಗೆಲ್ಲ ಬಾಯಿಪಾಠ. ವಯಸ್ಸು ನೋಡಬೇಡಿ, ಪರೀಕ್ಷಿಸಿ ನೋಡಿ ಎಂಬುದು ಅದರ ತಾತ್ಪರ್ಯ. ಕಾಳಿದಾಸನಿಗೇ ಇಂಥ ಅರ್ಜಿ ಹಾಕಿಕೊಳ್ಳಬೇಕಾಗಿ ಬಂತು. ತಮಾಷೆಯೆಂದರೆ ಮುಂದೆ ಅವನನ್ನು ಲೋಕಪ್ರಸಿದ್ಧನನ್ನಾಗಿಸಿದ್ದು ಆ ಅಗ್ನಿಮಿತ್ರ ರಾಜನ ಕಥೆಯಲ್ಲ, ಮಹಾಭಾರತದಿಂದ ಎತ್ತಿಕೊಂಡ ಶಕುಂತಲೆಯ ಕಥೆ. ನಮ್ಮ ಕುಮಾರವ್ಯಾಸನೂ ಕಡಿಮೆಯೇನಲ್ಲ. ರಾಮಕಥೆ ಬರೆದವರು ವಿಪರೀತವಾಗಿ ಭೂಮಿ ಹೊತ್ತ ಹಾವಿಗೇ ಸುಸ್ತಾಗಿದೆ ಎಂಬರ್ಥದಲ್ಲಿ ಚುಚ್ಚುತ್ತಾನೆ; ಚುಚ್ಚಿ ತಾನು ಕೈಗೆತ್ತಿಕೊಂಡದ್ದು ಪಂಪ ಆಗಲೇ ಬರೆದಿದ್ದ ಭಾರತವನ್ನು!

ಹಾಗಾದರೆ ಹೊಸದು ಯಾವುದು, ಹಳೆಯದು ಯಾವುದು ಎಂಬ ಗೆರೆ ಹೆಸರಿನ ಮೇಲೆ ಎಳೆಯುವಂಥದ್ದಲ್ಲ. 1979ರಲ್ಲಿ ಭೈರಪ್ಪನವರ ‘ಪರ್ವ’ ಬಂದಾಗ ಪಾತ್ರಗಳ ಹೆಸರು ಒಂದೂ ಹೊಸದಿರಲಿಲ್ಲ, ಕಣ್ಣು ಮಾತ್ರ ಹೊಸದು. ಇತ್ತ ಹೆಸರಷ್ಟೇ ಹೊಸದಾಗಿ ಒಳಗೆ ಎಲ್ಲ ಹಳತಾಗಿರುವ ಸರಕೂ ಉಂಟು. 2024ರ ಆಗಸ್ಟ್ 23ರಂದು ‘ಕಾನ್ಕಾರ್ಡ್’ ಎಂಬ ಆಟವನ್ನು ಸೋನಿ ಬಿಡುಗಡೆ ಮಾಡಿತು. ಯಾವ ಸರಣಿಗೂ ಸೇರದ ಹೊಸ ಹೆಸರು, ಹೊಸ ಪಾತ್ರಗಳು. ಆಡಿದವರಿಗೆ ಮಾತ್ರ ಹಿಂದೆ ಗೆದ್ದ ಆಟಗಳ ಅಚ್ಚೇ ಅಲ್ಲಿ ಕಂಡಿತು. ಎರಡೇ ವಾರಕ್ಕೆ, ಸೆಪ್ಟೆಂಬರ್ 6ರಂದು, ಆಟವನ್ನು ವಾಪಸು ಪಡೆದು ಕೊಂಡವರಿಗೆಲ್ಲ ಹಣ ಹಿಂದಿರುಗಿಸಿದರು. ಹೊಸಬನೆಂಬ ಒಂದೇ ಕಾರಣಕ್ಕೆ ಕರುಣೆ ತೋರಬೇಕೆಂದು ವಾದಿಸುವವರಿಗೆ ಇದು ಒಳ್ಳೆಯ ಪಾಠ.

ಈ ವಿಷಯದಲ್ಲಿ ಕನ್ನಡಿಗರಿಗೆ ಹೊರಗಿನವರು ಹೇಳಿಕೊಡಬೇಕಾದ್ದು ಹೆಚ್ಚೇನಿಲ್ಲ. ರೀಮೇಕ್ ಎಂಬ ಪದ ನಮ್ಮಲ್ಲಿ ಬೈಗುಳವಾಗಿ ಎಷ್ಟೋ ದಶಕಗಳಾದವು. ಅರವತ್ತರ ದಶಕದಿಂದ ಡಬ್ಬಿಂಗಿಗೆ ಅಲಿಖಿತ ತಡೆಯಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ಸಲ್ಲದೆಂದು ಆದೇಶ ಮಾಡುವವರೆಗೂ ನಡೆಯಿತು. ಬಾಗಿಲು ಮುಚ್ಚಿದ ಮನೆಗೆ ಕಿಟಕಿಯಿಂದ ಬಂದದ್ದೇ ರೀಮೇಕ್. ವಿಮರ್ಶಕರು ಪುಟಗಟ್ಟಲೆ ಬೈದರು. ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್ ಚಿತ್ರಮಂದಿರಗಳ, ರಾಜಾಜಿನಗರದ ನವರಂಗ್‌ನ ಮುಂದೆ ನಿಂತವರು ಆ ಬೈಗುಳ ಓದಿ ಟಿಕೆಟ್ ಹರಿದುಹಾಕಿದ್ದನ್ನು ನಾನಂತೂ ಕಾಣೆ. 1993ರ ಮಲಯಾಳಂ ಚಿತ್ರದಿಂದ ಬಂದ 2004ರ ‘ಆಪ್ತಮಿತ್ರ’ ವರ್ಷವಿಡೀ ಓಡಿತು. ಅದು ಇನ್ನೊಂದು ಭಾಷೆಯದೆಂದು ಗೊತ್ತಿದ್ದವರೂ ವಿಷ್ಣುವರ್ಧನ್, ಸೌಂದರ್ಯ ಅದನ್ನು ಹೇಗೆ ಮಾಡಿದ್ದಾರೆ ಎಂದು ನೋಡಲು ಹೋದರು. ಇನ್ನೊಂದು ಕಡೆ 2006ರ ಡಿಸೆಂಬರ್ 29ರಂದು ಯಾವ ದೊಡ್ಡ ಹೆಸರೂ ಇಲ್ಲದೆ ಬಂದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ಮೀರಿ ನಿಂತಿತು. ಆಮೇಲೆ ಏನಾಯಿತು? ಮುಂದಿನ ಎಷ್ಟೋ ಚಿತ್ರಗಳಲ್ಲಿ ಮಳೆಯೇ ಮಳೆ. 2016ರಲ್ಲಿ ಬೇರೆ ನಿರ್ದೇಶಕರ ಕೈಯಲ್ಲಿ ಎರಡನೆಯ ಭಾಗವೂ ಬಂತು, ಮೊದಲನೆಯದರ ಗೆಲುವು ಮಾತ್ರ ಬರಲಿಲ್ಲ. 2014ರ ‘ಉಳಿದವರು ಕಂಡಂತೆ’ ಬಿಡುಗಡೆಯಾದಾಗ ಕೈಹಿಡಿದವರಿಗಿಂತ ಆಮೇಲೆ ಹೊಗಳಿದವರು ಎಷ್ಟೋ ಪಾಲು ಹೆಚ್ಚು. ಈಗ ಅದನ್ನು ಥಿಯೇಟರಿನಲ್ಲೇ ನೋಡಿದೆವೆಂದು ಹೇಳುವವರನ್ನೆಲ್ಲ ಕೂಡಿಸಿದರೆ ಚಿತ್ರ ನೂರು ದಿನ ಓಡಬೇಕಿತ್ತು.

ಆಟಕ್ಕೆ ಮರಳೋಣ. ಆಡುವವನಿಗೂ ವಿಮರ್ಶಕನಿಗೂ ತಕ್ಕಡಿ ಏಕೆ ಬೇರೆ? ವಿಮರ್ಶಕ ವರ್ಷಕ್ಕೆ ಹತ್ತಾರು ಆಟ ಆಡುತ್ತಾನೆ, ಅದೂ ಸಾಮಾನ್ಯವಾಗಿ ಪುಕ್ಕಟೆಯಾಗಿ ಬಂದ ಪ್ರತಿಯಲ್ಲಿ. ದಿನವೂ ಮದುವೆಮನೆ ಊಟ ಮಾಡುವ ಪುರೋಹಿತನಂತೆ ಅವನ ನಾಲಿಗೆ. ಎಲೆಯ ಮೇಲೆ ಹೊಸದೊಂದು ಗೊಜ್ಜು ಕಂಡರೆ ಹಿಗ್ಗುತ್ತಾನೆ. ವಿಜಯನಗರದ ಒಬ್ಬ ಕಾಲೇಜು ಹುಡುಗ ನಾಲ್ಕೈದು ಸಾವಿರ ರೂಪಾಯಿ ಕೂಡಿಟ್ಟು ವರ್ಷಕ್ಕೊಂದು, ಹೆಚ್ಚೆಂದರೆ ಎರಡು ಆಟ ಕೊಳ್ಳುತ್ತಾನೆ. ಅವನಿಗೆ ಪ್ರಯೋಗ ಮಾಡಲು ಬರುವುದಿಲ್ಲ. ಅವನು ಪರಿಚಯದ ಹೆಸರು ಕೊಂಡರೆ ಅದನ್ನು ಅಭಿರುಚಿಹೀನತೆ ಎನ್ನುವುದು ತುಂಬಿದ ಹೊಟ್ಟೆಯವನ ಮಾತು. ವಿಜಯನಗರದಲ್ಲೇ ನಾಲ್ಕು ಹೆಜ್ಜೆಗೊಂದು ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡು ಕಾಣುತ್ತದೆ. ಒಳಗೆ ಕಾವಲಿ ಮುಂದೆ ನಿಂತವನು ದಾವಣಗೆರೆ ನೋಡಿದವನೇ ಆಗಬೇಕೆಂದಿಲ್ಲ. ಆದರೆ ಹಸಿದವನಿಗೆ ಬೋರ್ಡು ಒಂದು ಭರವಸೆ. ಅದೇ ಅಡಿಗೆಯವನು ತನ್ನ ಊರಿನ ಹೆಸರು ಹಾಕಿ ತಾನೇ ಕಂಡುಹಿಡಿದ ತಿಂಡಿ ಮಾಡಿದ್ದರೆ ನೀವೂ ನಾನೂ ಒಳಗೆ ಹೋಗುತ್ತಿದ್ದೆವೇ?

ಇನ್ನೂ ಒಂದು ಕಾರಣವಿದೆ, ಅದು ಕೈಗೆ ಸಂಬಂಧಪಟ್ಟದ್ದು. ಪುಸ್ತಕ ಹೊಸದಾದರೂ ಓದುವ ವಿದ್ಯೆ ಹಳೆಯದೇ. ಆಟ ಹಾಗಲ್ಲ, ಹೊಸ ಆಟ ತನ್ನ ಅಕ್ಷರಮಾಲೆಯನ್ನೂ ತಾನೇ ಕಲಿಸಬೇಕು. ಯಾವ ಗುಂಡಿ ಒತ್ತಿದರೆ ಹಾರುವುದು, ಯಾವುದಕ್ಕೆ ತಿರುಗುವುದು, ಎಲ್ಲಿ ಸಾಯುವುದು. ಸರಣಿಯ ಐದನೆಯ ಆಟ ಕೊಂಡವನ ಬೆರಳುಗಳಲ್ಲಿ ಹಿಂದಿನ ನಾಲ್ಕು ಕೂತಿರುತ್ತವೆ. ಅವನು ಮೊದಲ ನಿಮಿಷದಲ್ಲೇ ಆಟದ ರಸಕ್ಕೆ ಇಳಿಯಬಲ್ಲ. ಹೊಸದನ್ನು ಕೊಂಡವನಿಗೆ ಮೊದಲ ಎರಡು ಗಂಟೆ ತಡವರಿಕೆಯೇ. ವಿಮರ್ಶಕ ಈ ತಡವರಿಕೆಯನ್ನು ‘ಒರಟು’ ಎಂದು ಬರೆದುಬಿಡುತ್ತಾನೆ. ಸರಣಿಯಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ಇಂಥದೇ ಒರಟುತನಕ್ಕೆ ‘ಸಂಪ್ರದಾಯ’ ಎಂಬ ಹೆಸರು ಸಿಗುತ್ತದೆ. ನನ್ನ ಮಟ್ಟಿಗೆ ನಿಜವಾದ ಅನ್ಯಾಯ ಇರುವುದು ಇಲ್ಲಿ. ಕೊಳ್ಳುವವನ ಜೇಬಿನಲ್ಲಲ್ಲ, ಅಳೆಯುವವನ ಕೋಲಿನಲ್ಲಿ. ಸಾಲದ್ದಕ್ಕೆ ಈಚಿನ ಕಾಲದ ಅಂಕಗಳ ಹುಚ್ಚು. ನೂರಕ್ಕೆ ಇಷ್ಟೆಂದು ಎಲ್ಲರ ಅಂಕ ಕೂಡಿಸಿ ಸರಾಸರಿ ತೆಗೆಯುವ ‘ಮೆಟಾಕ್ರಿಟಿಕ್’ 2001ರಿಂದ ನಡೆಯುತ್ತಿದೆ. ಎಲ್ಲರೂ ಎಂಬತ್ತು ಕೊಟ್ಟ ಆಟಕ್ಕೂ, ಅರ್ಧ ಜನ ನೂರು ಅರ್ಧ ಜನ ಅರವತ್ತು ಕೊಟ್ಟ ಆಟಕ್ಕೂ ಸರಾಸರಿ ಒಂದೇ. ಜಗಳ ಎಬ್ಬಿಸುವುದು ಹೊಸದರ ಲಕ್ಷಣ. ಆ ಜಗಳವೇ ಸರಾಸರಿಯಲ್ಲಿ ಅಳಿಸಿಹೋಗುತ್ತದೆ.

ಆದರೂ ಪರಿಚಿತವಾದದ್ದರ ಪರವಾಗಿ ನಾನು ಕಂಡ ಅತ್ಯಂತ ಬಲವಾದ ವಾದ ಯಾವ ಪತ್ರಿಕೆಯದೂ ಅಲ್ಲ, ‘ಕುರುಕ್ಷೇತ್ರ’ ನಾಟಕದ್ದು. ತುಮಕೂರು, ಮಂಡ್ಯ, ಹಾಸನದ ಕಡೆಯಿಂದ ಬಂದು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಕೆಂಗೇರಿಗಳಲ್ಲಿ ನೆಲೆಯಾದವರು ಊರಿನ ಈ ಹುಚ್ಚನ್ನೂ ಜೊತೆಗೇ ತಂದರು. ರವೀಂದ್ರ ಕಲಾಕ್ಷೇತ್ರದಲ್ಲೋ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲೋ ಆಟ ಗೊತ್ತಾಯಿತೆಂದರೆ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಏಳುತ್ತದೆ. ಕಿರೀಟ ತೊಟ್ಟ ಇಪ್ಪತ್ತು ಮುಖ. ಕೆಳಗೆ ಒಬ್ಬರು ಕಂಟ್ರಾಕ್ಟರ್, ಒಬ್ಬರು ಹಾಲಿನ ವ್ಯಾಪಾರಿ, ಒಬ್ಬರು ನಿವೃತ್ತ ಬಸ್ ಕಂಡಕ್ಟರ್. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕೊಟ್ಟು ಪಾತ್ರ ಪಡೆಯುತ್ತಾನೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಸೀನರಿ ಬಾಡಿಗೆ, ಉಡುಪು ಬಾಡಿಗೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಸಂಜೆಯ ಅಭ್ಯಾಸ.

ನೋಡುವವರಿಗೆ ಕಥೆ ಗೊತ್ತು, ಮಾತು ಗೊತ್ತು, ಹಾಡು ಗೊತ್ತು. ಸಂಧಾನಕ್ಕೆ ಬಂದ ಕೃಷ್ಣ ಬರಿಗೈಯಲ್ಲಿ ಹಿಂದಿರುಗುತ್ತಾನೆಂದು ಗೊತ್ತು. ಹಾಗಿದ್ದರೆ ಅಷ್ಟು ಹೊತ್ತು ಕೂತು ಏನು ನೋಡುತ್ತಾರೆ? ದುರ್ಯೋಧನ ಆ ಒಂದು ಹಾಡಿನ ಮೇಲಿನ ಸ್ಥಾಯಿಗೆ ಏರುವಾಗ ಉಸಿರು ಸಾಲುತ್ತದೆಯೇ ಎಂದು ನೋಡುತ್ತಾರೆ. ಏರಿದರೆ ‘ಒನ್ಸ್ ಮೋರ್’, ಎಡವಿದರೆ ಹಿಂದಿನ ಸಾಲಿನಿಂದ ಸಣ್ಣ ನಗೆ. ‘ಏನಾಗುತ್ತದೆ’ ಎಂಬ ಕುತೂಹಲ ಪೂರ್ತಿ ಇಳಿದುಹೋದ ಮೇಲೆ ಗಮನವೆಲ್ಲ ‘ಹೇಗೆ’ ಎಂಬುದರ ಮೇಲೆ ನಿಲ್ಲುತ್ತದೆ. ಇಂಥ ಸೂಕ್ಷ್ಮ ಕಿವಿ ಹೊಸ ನಾಟಕದ ಪ್ರೇಕ್ಷಕನಿಗೆ ಇರುವುದು ಸಾಧ್ಯವಿಲ್ಲ. ಅವನು ಇನ್ನೂ ಯಾರು ಯಾರ ಮಗ ಎಂಬ ಲೆಕ್ಕದಲ್ಲಿರುತ್ತಾನೆ. ಸರಣಿಯ ಆಟಗಳನ್ನು ವರ್ಷ ವರ್ಷವೂ ಆಡುವ ಹುಡುಗರು ಕಾರಿನ ಚಕ್ರ ತಿರುಗುವುದರಲ್ಲಿ ಕೂದಲೆಳೆಯ ವ್ಯತ್ಯಾಸ ಗುರುತಿಸಿ ಜಗಳವಾಡುವುದನ್ನು ಕೇಳಿದರೆ ನನಗೆ ಕಲಾಗ್ರಾಮದ ಹಿಂದಿನ ಸಾಲು ನೆನಪಾಗುತ್ತದೆ. ಅದು ಜಡತೆಯಲ್ಲ, ಒಂದು ಬಗೆಯ ಪಾಂಡಿತ್ಯ.

ಆದರೆ ಕುರುಕ್ಷೇತ್ರಕ್ಕೂ ಈ ಸರಣಿಗಳಿಗೂ ಒಂದು ಭೇದವಿದೆ, ಅದನ್ನು ಮರೆಯಬಾರದು. ವ್ಯಾಸರ ಕಥೆ ಯಾರ ಸ್ವತ್ತೂ ಅಲ್ಲ. ಹಾಲಿನ ವ್ಯಾಪಾರಿ ಯಾರಿಗೂ ಅರ್ಜಿ ಹಾಕದೆ ಇವತ್ತು ಕೃಷ್ಣನಾಗಬಹುದು. ಮಾರಿಯೋ ಹಾಗಲ್ಲ, ಅವನಿಗೆ ಯಜಮಾನರಿದ್ದಾರೆ. ಕೈಯಲ್ಲಿ ಕಸುಬಿದ್ದು ಹೆಸರಿಲ್ಲದವನು ನಮ್ಮ ಹಳೆಯ ಲೋಕದಲ್ಲಿ ಹಳೆಯ ಹೆಸರಿನ ನೆರಳಲ್ಲಿ ನಿಂತು ತನ್ನ ಹೊಸತನ ತೋರಿಸಬಹುದಿತ್ತು. ಕುಮಾರವ್ಯಾಸ ಮಾಡಿದ್ದೇ ಅದು. ಈಗಿನ ಲೋಕದಲ್ಲಿ ಅವನು ಯಜಮಾನರ ಬಳಿ ಕೂಲಿಗೆ ನಿಲ್ಲಬೇಕು, ಇಲ್ಲವೇ ಬಯಲಿಗೆ ಹೋಗಿ ಒಬ್ಬನೇ ಗುಡಿಸಲು ಹಾಕಬೇಕು.

ಕೂಲಿಗೆ ನಿಂತ ಕಥೆ ನಮ್ಮೂರಿನದೇ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಕಟ್ಟಿದರು. ಭಾರತದ ಮೊದಮೊದಲ ಆಟದ ಸ್ಟುಡಿಯೋಗಳಲ್ಲಿ ಒಂದು. ಅದಕ್ಕೆ ಹೆಸರು ಬಂದದ್ದು ಹೆಚ್ಚಾಗಿ ಪರದೇಶದ ಆಟಗಳಿಗೆ ಮಾಡಿಕೊಟ್ಟ ಚಿತ್ರಕೆಲಸದಿಂದ. ‘ಫೋರ್ಜಾ’ ಎಂಬ ಹೆಸರಾಂತ ಕಾರ್ ಓಟದ ಸರಣಿಗೆ ಬೇಕಾದ ಕಲೆ ಬೆಂಗಳೂರಿನ ಹುಡುಗ ಹುಡುಗಿಯರ ಕೈಯಿಂದಲೂ ಹೋಯಿತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆ ಅದನ್ನು ಕೊಂಡಿತು, 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರಿನ ಶಾಖೆಯಲ್ಲಿ ಸೇರಿಸಿಕೊಂಡಿತು. ಇದನ್ನು ಹೀನಾಯವೆಂದು ನಾನು ಹೇಳಲಾರೆ. ಕುರುಕ್ಷೇತ್ರದ ಅರಮನೆಯ ಪರದೆ ಬರೆದವನ ಹೆಸರೂ ಯಾರಿಗೂ ಗೊತ್ತಿಲ್ಲ; ಪರದೆ ಮೇಲೇರಿದಾಗ ಸಭೆ ಹೌಹಾರುವುದಂತೂ ನಿಜ. ಬಯಲಿಗೆ ಹೋದವರ ಕಥೆಗೆ ಪುಣೆಯ ‘ರಾಜಿ’ ಆಟವಿದೆ. ಜನರಿಂದ ವಂತಿಗೆ ಎತ್ತುವ ಪ್ರಯತ್ನ ಗುರಿ ಮುಟ್ಟಲಿಲ್ಲ, ಆದರೂ ಪಟ್ಟು ಬಿಡದೆ 2020ರಲ್ಲಿ ಹೊರತಂದರು. ಚಿತ್ರವನ್ನೂ ಪುರಾಣದ ಬಳಕೆಯನ್ನೂ ಮೆಚ್ಚಿದ ವಿಮರ್ಶಕರೇ ಕಾದಾಟ ತೊಡಕು, ಆಟ ಚಿಕ್ಕದು ಎಂದರು. ಆ ಮಾತು ತಪ್ಪಲ್ಲ. ಆದರೆ ಹತ್ತನೆಯ ಭಾಗದ ಕಾದಾಟಕ್ಕೆ ಹಿಂದಿನ ಒಂಬತ್ತರ ದುಡ್ಡೂ ಅನುಭವವೂ ಬೆನ್ನಿಗಿರುತ್ತದೆಂಬ ಮಾತನ್ನು ಅದೇ ಸಾಲಿನಲ್ಲಿ ಸೇರಿಸಬಹುದಿತ್ತು.

ಇಷ್ಟೆಲ್ಲ ಯೋಚಿಸಬೇಕಾಗಿ ಬಂದದ್ದು ನನ್ನ ತಮ್ಮನ ಮಗನಿಂದ. ವಿಜಯನಗರದಲ್ಲಿದ್ದಾನೆ. ಆರು ವರ್ಷ ಒಂದು ಕಂಪನಿಯಲ್ಲಿ ಪರರ ಸರಣಿಗಳಿಗೆ ಗೋಡೆ, ಕಿಟಕಿ, ಮರ ಮಾಡಿಕೊಟ್ಟ. ಈಗ ಇಬ್ಬರು ಸ್ನೇಹಿತರ ಜೊತೆ ಸ್ವಂತದ್ದೊಂದು ಮಾಡುತ್ತಿದ್ದಾನೆ. ಕೆಂಗೇರಿಯಾಚೆಯ ಯಾವುದೋ ಹೆಸರಿಲ್ಲದ ಊರು, ಒಂದು ಕೆರೆ, ಒಬ್ಬ ನೀರುಗಂಟಿ. ಬೇಸಿಗೆ ಹತ್ತಿರವಾದಂತೆ ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕೆಂಬುದೇ ಆಟ. ಕೆಲಸ ಬಿಡುತ್ತೇನೆ ಎಂದಾಗ ತಮ್ಮ ನನ್ನಲ್ಲಿಗೆ ಬಂದ. ‘ಅಣ್ಣ, ಮನೆ ಸಾಲ ಇನ್ನೂ ಹನ್ನೊಂದು ವರ್ಷ ಇದೆ. ನೀನಾದರೂ ಹೇಳು’ ಎಂದ. ನಾನು ಹುಡುಗನನ್ನು ಕೇಳಿದೆ, ‘ಕೊಳ್ಳುವವರು ಯಾರಪ್ಪ?’ ಅವನು ಕಳೆದ ವರ್ಷದ ಫ್ರಾನ್ಸಿನ ಕಥೆ ಹೇಳಿದ. ಸುಮಾರು ಮೂವತ್ತು ಜನರ ತಂಡ, ಮೊಟ್ಟಮೊದಲ ಆಟ, ‘ಕ್ಲೇರ್ ಅಬ್ಸ್‌ಕ್ಯೂರ್’ ಎಂಬ ಯಾರೂ ಕೇಳದ ಹೆಸರು. 2025ರ ಏಪ್ರಿಲಿನಲ್ಲಿ ಬಂದು ಮೂರೇ ದಿನದಲ್ಲಿ 10 ಲಕ್ಷ ಪ್ರತಿ ಹೋಯಿತು, ವರ್ಷದ ಕೊನೆಗೆ ವರ್ಷದ ಆಟವೆಂಬ ಪ್ರಶಸ್ತಿಯೂ ಬಂತು. ‘ಅದು ಒಂದು. ಉಳಿದವು?’ ಎಂದೆ. ‘ಉಳಿದವುಗಳ ಹೆಸರು ಗೊತ್ತಿದ್ದರೆ ನೀವೇ ಹೇಳುತ್ತಿದ್ದಿರಲ್ಲ ದೊಡ್ಡಪ್ಪ’ ಎಂದು ನಕ್ಕ. ಕೆಲಸ ಪೂರ್ತಿ ಬಿಡಬೇಡ, ವಾರಕ್ಕೆ ಮೂರು ದಿನದ ಕೆಲಸ ಕೊಡುತ್ತಾರೋ ಕೇಳು ಎಂದಷ್ಟೇ ನಾನು ಹೇಳಿದ್ದು. ತಮ್ಮನಿಗೂ ಸಮಾಧಾನವಾಗಲಿಲ್ಲ, ಮಗನಿಗೂ ಆಗಲಿಲ್ಲ.

ಒಂದು ಭಾನುವಾರ ಆಟದ ಅರೆಬರೆ ರೂಪವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಬೀದಿಯ ಮಕ್ಕಳನ್ನು ಕೂಡಿಸಿದ. ದೊಡ್ಡ ಹುಡುಗನೊಬ್ಬ ನಿರೀಕ್ಷೆಯಂತೆಯೇ ಕೇಳಿದ, ‘ಅಣ್ಣ, ಇದು ಯಾವುದರ ಥರ?’ ಇನ್ನೊಬ್ಬ ಗನ್ ಎಲ್ಲಿ ಸಿಗುತ್ತದೆಂದು ಹುಡುಕಿದ. ಹತ್ತು ನಿಮಿಷಕ್ಕೆ ಇಬ್ಬರೂ ಕ್ರಿಕೆಟ್ಟಿಗೆ ಎದ್ದುಹೋದರು. ಎದುರುಮನೆಯ ಆರನೆಯ ತರಗತಿಯ ಹುಡುಗಿ ಮಾತ್ರ ತೂಬಿನ ಬಾಗಿಲು ಎತ್ತುವುದು, ಇಳಿಸುವುದು ಮಾಡುತ್ತಾ ಮುಕ್ಕಾಲು ಗಂಟೆ ಕೂತಿದ್ದಳು. ಎರಡು ಸಲ ಕೆರೆ ಬತ್ತಿಸಿದಳು. ಮೂರನೆಯ ಸಲ ತಲೆ ಎತ್ತಿ, ‘ಕೆಳಗಿನವರಿಗೆ ರಾತ್ರಿ ಕದ್ದು ನೀರು ಬಿಟ್ಟರೆ ಮೇಲಿನವರಿಗೆ ಗೊತ್ತಾಗುತ್ತಾ?’ ಎಂದು ಕೇಳಿದಳು. ಹುಡುಗರು ಆಟದಲ್ಲಿ ರಾತ್ರಿಯನ್ನೇ ಇನ್ನೂ ಮಾಡಿರಲಿಲ್ಲ. ಮೂವರೂ ಮುಖ ಮುಖ ನೋಡಿಕೊಂಡರು. ನನ್ನ ತಮ್ಮನ ಮಗ ಪೆನ್ನು ಹುಡುಕತೊಡಗಿದ.